ಹೊಡೆದಾಟದ ಸಿನಿಮಾ: 'ಓಂಗ್ ಬಾಕ್' ನೋಡೋದಾ, 'ದಿ ರೇಡ್' ನೋಡೋದಾ?

ಹಾಸನದ ನಮ್ಮ ಮನೆಯಲ್ಲಿ ಮಳೆಗಾಲದ ಭಾನುವಾರ ಬಂತೆಂದರೆ ಈ ಜಗಳ ಶುರು. ಎರಡೂ ಕಡಿಮೆ ದುಡ್ಡಿನಲ್ಲಿ ತೆಗೆದ ಸಿನಿಮಾಗಳು. ಒಂದನ್ನೇ ನೋಡಲು ಟೈಮ್ ಇದ್ದರೆ ಯಾವುದು?

2003ರ 'ಓಂಗ್ ಬಾಕ್' ಥಾಯ್ಲೆಂಡಿನದು. ಹಳ್ಳಿಯ ಬುದ್ಧನ ಮೂರ್ತಿಯ ತಲೆಯನ್ನೇ ಕಳ್ಳ ಕದ್ದೊಯ್ಯುತ್ತಾನೆ, ಹುಡುಗನೊಬ್ಬ ಅದನ್ನು ತರಲು ಬ್ಯಾಂಕಾಕ್‌ಗೆ ಹೋಗುತ್ತಾನೆ. ಕಥೆ ಅಷ್ಟೇ. ಆದರೆ ಹಳೇಬೀಡಿನ ಭಗ್ನ ಮೂರ್ತಿಗಳನ್ನು ನೋಡುತ್ತಾ ಬೆಳೆದ ನನಗೆ ಆ ಹಳ್ಳಿಯವರ ಅಳು ಸುಮ್ನೆ ನಾಟಕ ಅನ್ನಿಸಲಿಲ್ಲ. ಆ ಹುಡುಗನ ಪಾತ್ರ ಮಾಡಿದ ಟೋನಿ ಜಾ ತಂತಿ ಕಟ್ಟಿಕೊಳ್ಳದೆ ಹಾರುತ್ತಾನೆ. ಕಾಲಿಗೆ ಬೆಂಕಿ ಹತ್ತಿದ್ದರೂ ಒದೆಯುತ್ತಾನೆ. ಒಂದೇ ಏಟನ್ನು ಎರಡು ಮೂರು ಕಡೆಯಿಂದ ತೋರಿಸುತ್ತಾರೆ. ನನ್ನ ತಮ್ಮನಿಗೆ ಅದು ಬೋರು, ನನಗೆ ಅದೇ ಖುಷಿ.

2011ರ 'ದಿ ರೇಡ್' ಇಂಡೋನೇಷ್ಯಾದ್ದು. ಜಕಾರ್ತಾದ ಒಂದೇ ಕಟ್ಟಡ, ಒಳಗೆ ಸಿಕ್ಕಿಬಿದ್ದ ಪೊಲೀಸರು. ಹೊಡೆದಾಟ ಅಲ್ಲಿನ ಸಿಲಾಟ್ ಶೈಲಿಯದು. ಗೋಡೆಯ ಹಿಂದೆ ಅಡಗಿದ ನಾಯಕನ ಕೆನ್ನೆಗೆ, ಶತ್ರು ಗೋಡೆಗೆ ಚುಚ್ಚಿದ ಮಚ್ಚು ತಾಗುತ್ತದೆ. ಶತ್ರು ಅದನ್ನು ಹಿಂದಕ್ಕೆ ಎಳೆಯುವಾಗ ರಕ್ತ ಕಾಣಬಾರದೆಂದು ನಾಯಕ ಒರೆಸಿಬಿಡುತ್ತಾನೆ. ಆ ಕ್ಷಣ ನಮ್ಮ ಹಾಲ್‌ನಲ್ಲಿ ಯಾರೂ ಉಸಿರಾಡಲಿಲ್ಲ!

ರಕ್ತ ಮಾತ್ರ ತುಂಬಾ ಜಾಸ್ತಿ. ಮಕ್ಕಳು ಪಕ್ಕದಲ್ಲಿದ್ದರೆ ಬೇಡವೇ ಬೇಡ. 'ಓಂಗ್ ಬಾಕ್'ನಲ್ಲೂ ಮೂಳೆ ಮುರಿಯುತ್ತದೆ, ಹಾಗಾಗಿ ಅದೂ ದೊಡ್ಡ ಮಕ್ಕಳಿಗೇ ಸರಿ. ಗೆಳೆಯರ ಜೊತೆ ರಾತ್ರಿ ಕೂತು ನೋಡುವುದಾದರೆ 'ದಿ ರೇಡ್' ಹಾಕಿ. ಈ ಬಗೆಯ ಸಿನಿಮಾ ಇದೇ ಮೊದಲ ಸಲ ಅಂದರೆ 'ಓಂಗ್ ಬಾಕ್'ನಿಂದಲೇ ಶುರು ಮಾಡಿ.