ಒಂದೇ ಪೋರ್ಟ್‌ಫೋಲಿಯೋ, ಐದು ಸಲ ಕಟ್ಟಿ ನೋಡಿದೆ

ಬಿಎಸ್ಸಿ ಐಟಿ ಮೂರನೇ ವರ್ಷಕ್ಕೆ ಬಂದ ಮೇಲೆ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ನಿನ್ನ ಪೋರ್ಟ್‌ಫೋಲಿಯೋ ಯಾವುದರಲ್ಲಿ?" ಪೋರ್ಟ್‌ಫೋಲಿಯೋ ಅಂದರೆ ಕೆಲಸ ಹುಡುಕುವಾಗ ತೋರಿಸುವ, ನಾವು ಮಾಡಿದ್ದನ್ನೆಲ್ಲ ಇಡುವ ಸ್ವಂತ ಸೈಟು. ಅದರಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ನಾನೂ ಹಾಗೇ ತಲೆ ಕೆಡಿಸಿಕೊಂಡು, ದೀಪಾವಳಿ ರಜೆಯಲ್ಲಿ ಡೊಂಬಿವಲಿಯ ಮನೆಯಲ್ಲಿ ಕೂತು ಒಂದೇ ಸೈಟನ್ನು ಐದು ರೀತಿ ಕಟ್ಟಿದೆ. ಗೂಗಲ್ ಸೈಟ್ಸ್, ವರ್ಡ್‌ಪ್ರೆಸ್, ರಿಯಾಕ್ಟ್, ಹ್ಯೂಗೋ, ಕೊನೆಗೆ ಬರೀ ಎಚ್‌ಟಿಎಂಎಲ್-ಸಿಎಸ್ಎಸ್ (ಪುಟದ ರಚನೆ, ಅಲಂಕಾರ ಬರೆಯುವ ಮೂಲ ಭಾಷೆಗಳು). ಐದರಲ್ಲೂ ಅದೇ ಸರಕು: ನನ್ನ ಪರಿಚಯ, ಮೂರು ಪ್ರಾಜೆಕ್ಟು, ರೆಸ್ಯೂಮೆಯ ಪಿಡಿಎಫ್, ಅಪ್ಪನಿಗೋಸ್ಕರ ಕನ್ನಡದ ಒಂದು ಪುಟ.

ಪರೀಕ್ಷೆಗೆ ಅಪ್ಪನ ಹಳೆಯ ಫೋನು. ಅಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ, ದಿನಾ ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ಹೋಗುತ್ತಾರೆ. ಆ ಗರ್ದಿಯಲ್ಲಿ, ಬಂದು ಹೋಗುವ ನೆಟ್‌ವರ್ಕಿನಲ್ಲಿ ತೆರೆಯುವ ಸೈಟು ಎಲ್ಲಿ ಬೇಕಾದರೂ ತೆರೆಯುತ್ತದೆ.

ಗೂಗಲ್ ಸೈಟ್ಸ್‌ಗೆ ಅರ್ಧ ಗಂಟೆ ಸಾಕಾಯಿತು. ಎಳೆದು ತಂದು ಬಿಡುವುದಷ್ಟೇ ಕೆಲಸ. ಫೋನಿನಲ್ಲೂ ನೆಟ್ಟಗೆ ಕಾಣಿಸುತ್ತದೆ, ದುಡ್ಡೂ ಬೇಡ. ಫ್ಯಾಶನ್ ಡಿಸೈನ್ ಓದುವ ನನ್ನ ಗೆಳತಿಗೆ ಇದನ್ನೇ ಹೇಳಿದೆ, ಅವಳಿಗೆ ಬೇಕಿದ್ದದ್ದು ಫೋಟೋ ತೋರಿಸುವುದು. ಆದರೆ ಐಟಿ ಓದುವವಳು ಇದನ್ನು ತೋರಿಸಿದರೆ "ನೀನು ಮಾಡಿದ್ದೇನು?" ಅನ್ನುತ್ತಾರೆ, ಅಲ್ವಾ? ಬೇರೆ ಕಡೆ ಒಯ್ಯೋಣ ಅಂದರೆ ಕೋಡ್ ಕೂಡ ಸುಲಭಕ್ಕೆ ಕೈಗೆ ಸಿಗಲ್ಲ.

ಬರೆದದ್ದನ್ನು ಸೈಟಾಗಿ ನಡೆಸಿಕೊಡುವ ವರ್ಡ್‌ಪ್ರೆಸ್ 2003ರಿಂದ ಇದೆ. ಜಗತ್ತಿನ ಸೈಟುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಅದರ ಮೇಲೇ ನಡೆಯುತ್ತವೆ. ಕಲಿತರೆ ನಷ್ಟವಿಲ್ಲ. ಆದರೆ ಅದಕ್ಕೆ ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆಯೂ ಡೇಟಾಬೇಸೂ ಬೇಕು, ತಯಾರಾದ ಫೈಲುಗಳನ್ನಷ್ಟೇ ತೋರಿಸುವ ಗಿಟ್‌ಹಬ್ ಪೇಜಸ್‌ನಂಥ ಪುಕ್ಕಟೆ ಜಾಗದಲ್ಲಿ ಓಡಲ್ಲ. ಚಿಕ್ಕಪ್ಪನ ಮಗ ಫೋಟೋಗ್ರಾಫರ್, ಅವನು ತೆಗೆದುಕೊಂಡಿದ್ದ ಹೋಸ್ಟಿಂಗ್‌ನ (ಸೈಟು ಇಡುವ ಬಾಡಿಗೆ ಜಾಗದ) ಒಂದು ಮೂಲೆಯಲ್ಲಿ ನನ್ನದನ್ನೂ ಹಾಕಿದೆ. ಮೊದಲ ವರ್ಷ ಅಗ್ಗದಲ್ಲಿ ಕೊಟ್ಟ ಕಂಪನಿ ಎರಡನೇ ವರ್ಷಕ್ಕೆ ಸುಮಾರು ಮೂರು ಪಟ್ಟು ಕೇಳಿತು. ಅಷ್ಟರಲ್ಲಿ ಪ್ಲಗಿನ್‌ಗಳ (ಸೇರಿಸಿಕೊಂಡ ಸಣ್ಣ ತಂತ್ರಾಂಶಗಳ) ಅಪ್‌ಡೇಟ್ ಏಳು ಬಾಕಿ. ಎಲ್ಲವನ್ನೂ ಒಟ್ಟಿಗೆ ಒತ್ತಿದೆ, ಸೈಟು ಮಲಗಿತು. ಮೂರು ಪ್ರಾಜೆಕ್ಟು ತೋರಿಸಲು ಇಷ್ಟು ಚಾಕರಿ ಯಾಕೆ ಅನ್ನಿಸಿತು. ಚಿಕ್ಕಪ್ಪನ ಮಗ ಮಾತ್ರ ಅದರಲ್ಲೇ ಸುಖವಾಗಿದ್ದಾನೆ, ವಾರಕ್ಕೊಂದು ಮದುವೆ ಆಲ್ಬಮ್ ಹಾಕುತ್ತಾನೆ.

ಜಾಸ್ತಿ ಹೊತ್ತು ತಿಂದದ್ದು ರಿಯಾಕ್ಟ್, ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪುಟವನ್ನು ತುಣುಕು ತುಣುಕಾಗಿ ಕಟ್ಟುವ ಸಲಕರಣೆ. ನಾನು ನೋಡಿದ ವಿಡಿಯೋಗಳಲ್ಲಿ ಇನ್ನೂ ಪ್ರಾಜೆಕ್ಟಿನ ಚೌಕಟ್ಟು ಹಾಕಿಕೊಡುವ 'ಕ್ರಿಯೇಟ್ ರಿಯಾಕ್ಟ್ ಆಪ್' ಹಾಕಿಯೇ ಶುರು ಮಾಡುತ್ತಾರೆ. 2025ರ ಫೆಬ್ರವರಿಯಲ್ಲೇ ರಿಯಾಕ್ಟ್ ತಂಡ ಅದನ್ನು ಇನ್ನು ಬಳಸಬೇಡಿ ಎಂದು ಹೇಳಿಯಾಗಿದೆ. ನಾನು ಅದೇ ಕೆಲಸ ಮಾಡುವ ವೀಟ್ ಹಿಡಿದೆ. ಕಾರ್ಡು, ಫಿಲ್ಟರು, ಡಾರ್ಕ್ ಮೋಡು ಎಲ್ಲ ಎರಡು ದಿನದಲ್ಲಿ ಆಯಿತು, ಮಜಾ ಬಂತು. ಸುಳ್ಳು ಯಾಕೆ ಹೇಳಲಿ, ಐದರಲ್ಲಿ ನೋಡಲು ಚಂದ ಇದ್ದದ್ದು ಇದೇ.

ಗಿಟ್‌ಹಬ್ ಪೇಜಸ್‌ಗೆ ಏರಿಸಿದೆ. ಬಿಳಿ ಹಾಳೆ. ಒಂದಕ್ಷರವೂ ಇಲ್ಲ. ಒಂದು ರಾತ್ರಿ ಪೂರ್ತಿ ಹುಡುಕಿದ ಮೇಲೆ ಗೊತ್ತಾಯಿತು: ನನ್ನ ಸೈಟಿನ ವಿಳಾಸದ ಕೊನೆಯಲ್ಲಿ ರೆಪೊದ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಜಾಗದ) ಹೆಸರೂ ಇರುತ್ತದೆ, ವೀಟ್ ಮಾತ್ರ ಫೈಲುಗಳನ್ನು ಆ ಹೆಸರು ಬಿಟ್ಟು ಹುಡುಕುತ್ತಿತ್ತು. ಸೆಟ್ಟಿಂಗ್ ಫೈಲಿನಲ್ಲಿ 'ಬೇಸ್' ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ಮುಗಿಯಲಿಲ್ಲ. ಪ್ರಾಜೆಕ್ಟ್ ಪುಟದಲ್ಲಿದ್ದಾಗ ರಿಫ್ರೆಶ್ ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ. ಯಾಕೆಂದರೆ ಆ ಪುಟ ಸರ್ವರ್‌ನಲ್ಲಿ ಇಲ್ಲವೇ ಇಲ್ಲ, ಬ್ರೌಸರ್ ಒಳಗೆ ಜಾವಾಸ್ಕ್ರಿಪ್ಟ್ ಅದನ್ನು ಹುಟ್ಟಿಸುತ್ತದೆ. ಪುಟದ ಹೆಸರನ್ನು # ಆದ ಮೇಲೆ ಇಡುವ ಹ್ಯಾಶ್ ರೌಟರ್ ಹಾಕಿದ ಮೇಲೆ ಸರಿಹೋಯಿತು, ಆದರೆ ವಿಳಾಸದ ಮಧ್ಯೆ ಒಂದು # ಬಂದು ಕೂತಿತು.

ಲೋಕಲ್‌ನಲ್ಲಿ ಇದರ ಬಣ್ಣ ಬಯಲಾಯಿತು. ಜಾವಾಸ್ಕ್ರಿಪ್ಟ್ ಪೂರ್ತಿ ಇಳಿಯುವ ತನಕ ನನ್ನ ಹೆಸರೂ ಕಾಣುತ್ತಿರಲಿಲ್ಲ. ಅದೇ ಫೋನಿನಲ್ಲಿ ಬರೀ ಎಚ್‌ಟಿಎಂಎಲ್ ಸೈಟು ತೆರೆದರೆ ಅಕ್ಷರ ಮೊದಲು ಬರುತ್ತದೆ, ಚಿತ್ರ ಆಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಓದುವವರಿಗೆ ಏನಾದರೂ ಸಿಕ್ಕಿರುತ್ತದೆ. (ಚಿತ್ರದ ತಪ್ಪು ಐದರಲ್ಲೂ ನನ್ನದೇ. ಫೋನಿನಿಂದ ತೆಗೆದ 4 ಎಂಬಿ ಫೋಟೋಗಳನ್ನು ಹಾಗೇ ಹಾಕಿದ್ದೆ. ವೆಬ್‌ಪಿ ಅನ್ನುವ ಹಗುರ ಚಿತ್ರಮಾದರಿಗೆ ಬದಲಿಸಿ ಅಳತೆ ಇಳಿಸಿದ ಮೇಲೆ ಒಂದೊಂದೂ 150 ಕೆಬಿ ಆಸುಪಾಸಿಗೆ ಬಂತು.)

ಹಾಗಂತ ಬರೀ ಎಚ್‌ಟಿಎಂಎಲ್ ಏನು ಸಾಧು ಅಲ್ಲ. ಏರಿಸಿದ ಮೊದಲ ದಿನವೇ ಎರಡು ಚಿತ್ರ ಮಾಯ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಿದ್ದವು! ನೋಡಿದರೆ ಫೈಲಿನ ಹೆಸರಿನ ಕೊನೆಯಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿತ್ತು, ನಾನು ಕೋಡ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೆ. ವಿಂಡೋಸ್ ಎರಡನ್ನೂ ಒಂದೇ ಅಂತ ನೋಡುತ್ತದೆ, ಸರ್ವರ್ ನೋಡುವುದಿಲ್ಲ. ಇನ್ನೊಂದು ರಗಳೆ ಮೆನು. ಐದು ಪುಟಕ್ಕೂ ಅದೇ ಮೆನುವನ್ನು ಕಾಪಿ ಮಾಡಿ ಅಂಟಿಸಬೇಕು. ಒಂದು ಲಿಂಕು ಸೇರಿಸಿದರೆ ಐದು ಕಡೆ ಸೇರಿಸಬೇಕು, ಒಂದು ಕಡೆ ಮರೆತೇ ಹೋಗುತ್ತದೆ.

ಈ ಅಂಟಿಸುವ ಕೆಲಸ ತಪ್ಪಿಸುವುದಕ್ಕೇ ಹ್ಯೂಗೋ. ಒಂದೇ ಎಕ್ಸಿಕ್ಯೂಟಬಲ್ ಫೈಲು, ಮಾರ್ಕ್‌ಡೌನ್ ಅನ್ನುವ ಸರಳ ಬರಹದಲ್ಲಿ ಬರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪುಟಗಳು ತಯಾರು. ನನ್ನ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಯಾರೋ ಮಾಡಿದ ಥೀಮ್ ತಂದು ಅದರ ಒಳಗೆ ಕೈಹಾಕಿದರೆ, ಜೋಡಿ ಬ್ರಾಕೆಟ್ಟುಗಳ ಕಾಡು. ಹೆಸರಿನ ಕೆಳಗೆ ಕಾಲೇಜಿನ ಹೆಸರು ಹಾಕಲು ಅರ್ಧ ದಿನ ಹೋಯಿತು. ವಾರವಾರ ಬರೆಯುವವರಾದರೆ ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ. ವರ್ಷಕ್ಕೆ ಮೂರು ಪ್ರಾಜೆಕ್ಟು ಸೇರಿಸುವವಳಿಗೆ ಜಾಸ್ತಿಯಾಯಿತು.

ಕನ್ನಡ ಪುಟದ ಕತೆ ಬೇರೆ. ಅಪ್ಪ ಒಂದು ರಾತ್ರಿ ಊಟ ಮಾಡುತ್ತಾ ನೋಡಿ, "ಎಂತ ಮಾರಾಯ್ತಿ ಇದು? ಅಕ್ಷರಕ್ಕೆ ಕಾಲೇ ಇಲ್ವಲ್ಲ!" ಅಂದರು. ಬಗ್ಗಿ ನೋಡಿದೆ. ತಲೆಬರಹದಲ್ಲಿ 'ಕನ್ನಡ' ಹೋಗಿ 'ಕನಡ' ಆಗಿತ್ತು. ಇಂಗ್ಲಿಷ್ ನೋಡಿಕೊಂಡು ಲೈನ್-ಹೈಟ್ (ಸಾಲಿನ ಎತ್ತರ) 1 ಅಂತ ಇಟ್ಟಿದ್ದೆ, ಡಬ್ಬಿಯಿಂದ ಹೊರಗೆ ಬಂದದ್ದನ್ನು ಮರೆಮಾಡು ಅಂತಲೂ ಬರೆದಿದ್ದೆ. ಒತ್ತಕ್ಷರ ಪಾಪ ಕೆಳಗೆ ನೇತಾಡುವುದು, ಹಾಗಾಗಿ ಕತ್ತರಿಸಿ ಹೋಗಿತ್ತು. 1.6 ಮಾಡಿದೆ, ಕಾಲು ವಾಪಸ್ ಬಂತು. ಅಕ್ಷರಗಳ ನಡುವೆ ಜಾಗ ಬಿಡುವ ಲೆಟರ್-ಸ್ಪೇಸಿಂಗ್ ಅನ್ನೂ ಕನ್ನಡಕ್ಕೆ ತೆಗೆದೆ. ಫಾಂಟಿಗೆ ಬಾಲೂ ತಮ್ಮ ಹಾಕಿದೆ. ನಮ್ಮ ಮುಂಬಯಿಯ ಏಕ್ ಟೈಪ್‌ನವರು ಮಾಡಿದ್ದು, ಪುಕ್ಕಟೆ, ತಲೆಬರಹಕ್ಕೆ ಗುಂಡುಗುಂಡಗೆ ಚೆನ್ನಾಗಿ ಕೂರುತ್ತದೆ. ಒಳಗಿನ ಬರಹಕ್ಕೆ ನೋಟೋ ಸಾನ್ಸ್ ಕನ್ನಡ. ಎಚ್‌ಟಿಎಂಎಲ್‌ನಲ್ಲಿ ಈ ಎರಡು ಸಾಲು ಎಲ್ಲಿವೆ ಅಂತ ನನಗೇ ಗೊತ್ತಿತ್ತು. ಹ್ಯೂಗೋ ಥೀಮ್‌ನಲ್ಲಿ ಅದೇ ಲೈನ್-ಹೈಟ್ ಹುಡುಕಲು ನಾಲ್ಕು ಫೈಲು ತೆರೆದೆ. ಗೂಗಲ್ ಸೈಟ್ಸ್‌ನಲ್ಲಿ ಕಾಲು ಕತ್ತರಿಸಿಯೇ ಇರಲಿಲ್ಲ, ಅದನ್ನೂ ಹೇಳಬೇಕು.

ನಿಜವಾದ ತೀರ್ಪು ಬಂದದ್ದು ಮಾರ್ಚ್‌ನಲ್ಲಿ. ಐದನೇ ಸೆಮಿಸ್ಟರ್‌ನ ರಿಸಲ್ಟ್ ಬಂತು. ಎಲ್ಲ ಸೈಟಿನಲ್ಲೂ ಒಂದೇ ಒಂದು ಸಾಲು ತಿದ್ದಬೇಕು. ವರ್ಡ್‌ಪ್ರೆಸ್ ಪಾಸ್‌ವರ್ಡೇ ನೆನಪಿಲ್ಲ. ರಿಯಾಕ್ಟ್‌ಗೆ ಬೇಕಾದ ಕೋಡೆಲ್ಲ ಇರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಜಾಗ ಸಾಲದೆ ಅಳಿಸಿದ್ದೆ, ಮತ್ತೆ ಎಲ್ಲ ಇಳಿಸಿ, ಕೆಂಪು ಹಳದಿ ಎಚ್ಚರಿಕೆಗಳನ್ನು ದಾಟಿ, ಬಿಲ್ಡ್ ಮಾಡಿ ಏರಿಸುವಷ್ಟರಲ್ಲಿ 40 ನಿಮಿಷ. ಹ್ಯೂಗೋ ಈ ನಡುವೆ ಹೊಸ ಆವೃತ್ತಿಗೆ ಹೋಗಿತ್ತು, ಹಳೆಯ ಥೀಮ್ ನೋಡಿ ಗೊಣಗಿತು.

ಹಾಗಾಗಿ ಪೋರ್ಟ್‌ಫೋಲಿಯೋ ಬರೀ ಎಚ್‌ಟಿಎಂಎಲ್‌ನಲ್ಲೇ ಉಳಿಯಿತು. ರಿಯಾಕ್ಟ್ ಬರುತ್ತದೆ ಅಂತ ತೋರಿಸಲು ರಿಯಾಕ್ಟ್‌ನಲ್ಲಿ ಮಾಡಿದ ಒಂದು ಪ್ರಾಜೆಕ್ಟಿಗೆ ಲಿಂಕ್ ಕೊಟ್ಟರೆ ಸಾಕು. ಅಂದ ಹಾಗೆ, ರೆಸ್ಯೂಮೆ ಪಿಡಿಎಫ್‌ನಿಂದ ಫೋನ್ ನಂಬರು ತೆಗೆದುಬಿಡಿ. ನನಗೆ ಕೆಲಸಕ್ಕಿಂತ ಮೊದಲು ಸಾಲ ಕೊಡುವವರ ಕರೆ ಬಂತು.

ಆ ಸಾಲನ್ನು ಎಚ್‌ಟಿಎಂಎಲ್ ಸೈಟಿನಲ್ಲಿ ತಿದ್ದಿದ್ದು ಸ್ಲೋ ಲೋಕಲ್‌ನಲ್ಲಿ, ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದರಲ್ಲಿ ಫೋನು. ಬ್ರೌಸರ್‌ನಲ್ಲಿ ಗಿಟ್‌ಹಬ್ ತೆರೆದು, ಪೆನ್ಸಿಲ್ ಗುರುತು ಒತ್ತಿ, ಅಂಕ ಬದಲಿಸಿ ಕಮಿಟ್ ಮಾಡಿದಾಗ (ಬದಲಾವಣೆ ಉಳಿಸಿದಾಗ) ಗಾಡಿ ಠಾಣೆ ಬಿಟ್ಟಿತ್ತು. ಮುಲುಂಡ್ ಬರುವಷ್ಟರಲ್ಲಿ ಹೊಸ ಸಾಲು ಕಾಣಿಸಿತು. ಕನ್ನಡ ಪುಟದ ಮೆನುವಿನಲ್ಲಿ ಮಾತ್ರ ಹಳೆಯ ಲಿಂಕೇ ಇದೆ, ಅಪ್ಪ ಇನ್ನೂ ನೋಡಿಲ್ಲ.