ನೋಟರಿ ಸರ್ವಿಸ್ ರಿವ್ಯೂ: ನಿಧಾನ, ಆದ್ರೂ 5ಕ್ಕೆ 5

ಅಮ್ಮ ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ (ಅವರ ಪರವಾಗಿ ನಾನು ವ್ಯವಹಾರ ಮಾಡೋಕೆ ಅಧಿಕಾರ ಕೊಡೋ ಪತ್ರ) ಕೊಡೋದಿತ್ತು, ಅದಕ್ಕೆ ನೋಟರಿ ಹತ್ರ ಹೋಗಿದ್ವಿ. ಸೀಲ್ ಒತ್ತಿ ಕಳಿಸ್ತಾರೆ ಅನ್ಕೊಂಡು ಹೋಗೋರಿಗೆ ಈ ಆಫೀಸು ತುಂಬಾ ಸ್ಲೋ ಅನ್ಸುತ್ತೆ, ನಾನು ಫುಲ್ ರೇಟಿಂಗ್ ಕೊಡ್ತಿರೋದೇ ಆ ಕಾರಣಕ್ಕೆ.

ಮೊದಲು ಒರಿಜಿನಲ್ ಐಡಿ ಕೇಳಿದ್ರು. ಜೆರಾಕ್ಸ್ ಬೇಡ, ಫೋನಲ್ಲಿರೋ ಫೋಟೋನೂ ಬೇಡ. ಕಾರ್ಡ್ ಕೈಗೆ ತಗೊಂಡು ಅಂಚು ಎದ್ದಿದ್ಯಾ, ಫೋಟೋ ಮೇಲೆ ಇನ್ನೊಂದು ಫೋಟೋ ಅಂಟಿಸಿದಾರಾ ಅಂತ ಬೆರಳಲ್ಲಿ ಸವರಿ ನೋಡಿದ್ರು, ಅವಧಿ ಮುಗಿದಿದ್ಯಾ ನೋಡಿದ್ರು, ಆಮೇಲೆ ಕಾರ್ಡ್ ತಮ್ಮ ಕೈಲೇ ಇಟ್ಕೊಂಡು ಹುಟ್ಟಿದ ತಾರೀಖು, ಅಡ್ರೆಸ್ಸು ಅಮ್ಮನ ಬಾಯಿಂದಾನೇ ಹೇಳಿಸಿದ್ರು. ಬೇರೆಯವರ ಕಾರ್ಡ್ ತಂದಿರೋರು ಇಲ್ಲೇ ತಡವರಿಸೋದಂತೆ. ಫೋಟೋ ಹಳೇದು, ಅಮ್ಮ ಈಗ ತುಂಬಾ ಸಣ್ಣ ಆಗಿದಾರೆ ಅಂದಿದ್ದಕ್ಕೆ, ಕೂದಲು ತೂಕ ಎಲ್ಲ ಬದಲಾಗುತ್ತೆ, ನಾವು ಕಣ್ಣು ಮೂಗು ಕಿವಿ ನೋಡ್ತೀವಿ ಅಂದ್ರು.

ನಂಗೆ ಜಾಸ್ತಿ ಇಷ್ಟ ಆಗಿದ್ದು ಆಮೇಲಿನದು. ನನ್ನನ್ನ ಹೊರಗೆ ಕೂರಿಸಿ ಅಮ್ಮನ ಜೊತೆ ಒಬ್ಬರೇ ಮಾತಾಡಿದ್ರು, ಪೇಪರಲ್ಲಿ ಏನಿದೆ ಗೊತ್ತಾ, ಯಾರಾದ್ರೂ ಬಲವಂತ ಮಾಡ್ತಿದಾರಾ ಅಂತ. ಅಧಿಕಾರ ಸಿಗ್ತಿರೋದು ನನಗೆ, ಹಾಗಿರುವಾಗ ನಾನು ಪಕ್ಕದಲ್ಲಿ ಇದ್ರೆ ಅವರು ಬಾಯಿ ಬಿಟ್ಟು ಹೇಳ್ತಾರಾ? ಆಳು ಅವರೇ ಅಂತ ಗ್ಯಾರಂಟಿ ಆದ್ರೆ ಸಾಲದು, ಮನಸ್ಸೂ ಅವರದ್ದೇ ಆಗಿರ್ಬೇಕಲ್ವಾ.

ಐಡಿನೇ ಇಲ್ದಿದ್ರೆ ಏನ್ಮಾಡ್ತೀರಿ ಅಂತ ಕೇಳ್ದೆ. ಕಾನೂನು ಒಪ್ಪೋ ಕಡೆ, ಅವರನ್ನ ಚೆನ್ನಾಗಿ ಬಲ್ಲ ಸಾಕ್ಷಿಗಳು ಬಂದು ಪ್ರಮಾಣ ಮಾಡಿ ಹೇಳಬಹುದಂತೆ, ಆದ್ರೆ ಆ ಪೇಪರಿಂದ ಲಾಭ ಇರೋರು ಸಾಕ್ಷಿ ಆಗೋ ಹಾಗಿಲ್ಲ. ವಿಡಿಯೋ ಕಾಲ್ ನೋಟರಿ ಬಗ್ಗೆನೂ ಮಾತು ಬಂತು, ಅಮೆರಿಕದ ವರ್ಜೀನಿಯಾ 2011ರಲ್ಲೇ ಅದಕ್ಕೆ ಕಾನೂನು ಮಾಡಿತ್ತು, ಆ ಥರದ್ರಲ್ಲಿ ಐಡಿನ ಸಾಫ್ಟ್‌ವೇರ್ ಚೆಕ್ ಮಾಡುತ್ತೆ, ಆಳು ಅವರೇನಾ ಅಂತ ತಿಳಿಯೋಕೆ ಹಳೇ ಅಡ್ರೆಸ್ಸು, ಸಾಲದ ಬಗ್ಗೆ ಪ್ರಶ್ನೆ ಬರುತ್ತೆ, ಪೂರ್ತಿ ರೆಕಾರ್ಡೂ ಆಗುತ್ತೆ.

ಹಿಂದೆ ಬೇರೆ ಒಂದ್ಕಡೆ ಸೈನ್ ಮಾಡಿದೋರ ಮುಖಾನೂ ನೋಡದೆ ಸೀಲ್ ಒತ್ತಿದ್ದನ್ನ ಕಣ್ಣಾರೆ ನೋಡಿದೀನಿ. ನಾಳೆ ಆ ವ್ಯಕ್ತಿ ಕೋರ್ಟಲ್ಲಿ ನಿಂತು ಇದು ನನ್ನ ಸೈನೇ ಅಲ್ಲ ಅಂದ್ರೆ ಆ ಸೀಲಿಗೆ ಏನು ಬೆಲೆ? ಇಲ್ಲಿ ಹಾಗಲ್ಲ, ಯಾವ ಐಡಿ ನೋಡಿದ್ರು ಅನ್ನೋದು ರಿಜಿಸ್ಟರಲ್ಲಿ ಬರೆದು ಅಮ್ಮನ ಸೈನ್ ಅಲ್ಲೂ ಹಾಕಿಸ್ಕೊಂಡ್ರು.

ಒಂದೇ ಕಂಪ್ಲೇಂಟು, ಏನೇನು ತರ್ಬೇಕು ಅಂತ ಫೋನಲ್ಲೇ ಹೇಳಿದ್ರೆ ಚೆನ್ನಾಗಿರ್ತಿತ್ತು. ಹೋಗೋರು ಮನೇಲೇ ಸೈನ್ ಮಾಡ್ಕೊಂಡು ಹೋಗ್ಬೇಡಿ, ಅವರ ಎದುರಿಗೇ ಮಾಡಿ.