ಜಾಲಿಗಿಡ ಒಂಟಿಕಾಲಲ್ಲಿ ನಿಲ್ಲಲ್ಲ: ಫೋಲಿಯೇಜ್ ಬ್ರಷ್ ಜೊತೆ ಒಂದೂವರೆ ವರ್ಷ

ರಾತ್ರಿ ಊಟ ಆದಮೇಲೆ ನಾನು ಗಿಡ ನೆಡೋಕೆ ಕೂರುತ್ತೇನೆ, ಲ್ಯಾಪ್‌ಟಾಪ್‌ನಲ್ಲಿ. ಕೊಪ್ಪಳದ ಬಿಸಿಲಿಗೆ ಅದರ ಫ್ಯಾನು ಸಂಜೆವರೆಗೂ ಕಿರುಚುತ್ತದೆ, ಹಾಗಾಗಿ ರಾತ್ರಿಯೇ ವಾಸಿ. ಪಕ್ಕದಲ್ಲಿ ಒಗ್ಗರಣೆ-ಮಿರ್ಚಿ ಪೊಟ್ಟಣ. ಗೇಮ್ ಲೋಕ ಕಟ್ಟೋ ಸಾಫ್ಟ್‌ವೇರ್ ಅನ್‌ರಿಯಲ್ ಎಂಜಿನ್ 5ರಲ್ಲಿ ಶಿಫ್ಟ್ ಹಿಡಿದು 3 ಒತ್ತಿದರೆ, ಬ್ರಷ್ ಎಳೆದು ಗಿಡ ನೆಡೋ ಫೋಲಿಯೇಜ್ ಮೋಡ್ ತೆರೆಯುತ್ತದೆ. ಎಣ್ಣೆಕೈ ಒರೆಸಿಕೊಂಡು ಶುರು.

ಅನ್‌ರಿಯಲ್ ಎಂಜಿನ್ 5 ಬಗ್ಗೆ ಗೊತ್ತಿರೋದನ್ನೇ ಮತ್ತೆ ಹೇಳಲ್ಲ. ನನ್ನಂಥವನಿಗೆ ಅದು ಪುಕ್ಕಟೆ, ಅಷ್ಟು ಸಾಕು. ನನ್ನ ದುಡ್ಡು ಹೋಗಿದ್ದು ಗಿಡಗಳ ರೆಡಿಮೇಡ್ 3ಡಿ ಮಾಡೆಲ್ ಪ್ಯಾಕ್‌ಗೆ. 2,400 ರೂಪಾಯಿ. ಮಾರಿದವರ ಹೆಸರು ಬೇಡ ಬಿಡಿ. 'ಒಣನಾಡಿನ ಗಿಡಗಳು' ಅಂತ ಬರೆದುಕೊಂಡಿದ್ದರು. ತೆರೆದು ನೋಡಿದರೆ ಎಲ್ಲ ಗಿಡಕ್ಕೂ ನೆಟ್ಟಗಿನ ಕಾಂಡ, ಮೇಲೆ ಛತ್ರಿ ಹಾಗೆ ಎಲೆ. ಆನೆಗುಂದಿ ಕಡೆಯ ಬಂಡೆಗುಡ್ಡ ಮಾಡಬೇಕು ಅಂತ ಹೊರಟಿದ್ದೆ, ಆಗಿದ್ದು ಸರ್ಕಾರಿ ಪಾರ್ಕು.

ಒಂದಿನ ಅಪ್ಪ ಹಿಂದೆ ನಿಂತು ನೋಡಿದರು. "ಇದ್ಯಾವ ಗಿಡಪಾ?"

"ಜಾಲಿ."

"ಜಾಲಿ ಹಿಂಗ ಒಂಟಿಕಾಲ ಮ್ಯಾಲ ನಿಂದ್ರತೈತೇನು?"

ಮರುದಿನ ಬೆಳಿಗ್ಗೆ ಹೊಲದ ಬದುವಿಗೆ ಹೋಗಿ ನೋಡಿದೆ. ಹೌದು, ನಿಲ್ಲಲ್ಲ. ಬಳ್ಳಾರಿ ಜಾಲಿಗೆ ಬುಡದಿಂದಲೇ ನಾಲ್ಕೈದು ಕೊಂಬೆ. ಒಂದು ಆ ಕಡೆ ಬಾಗಿದ್ದರೆ ಇನ್ನೊಂದು ನೆಲಕ್ಕೇ ತಾಗಿರುತ್ತದೆ. (ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ಬಳ್ಳಾರಿ ಅಂತ ಹೆಸರಿಟ್ಟು ನಮ್ಮದೇ ಮಾಡಿಕೊಂಡಿದ್ದೇವೆ ನೋಡಿ.)

ಇಲ್ಲಿಂದ ಬ್ರಷ್ ಮೇಲೆ ಪ್ರೀತಿ ಹುಟ್ಟಿತು. ಗಿಡವನ್ನು ನೆಲದಿಂದ ಮೇಲೆ-ಕೆಳಗೆ ಸರಿಸೋ ಝಡ್ ಆಫ್‌ಸೆಟ್‌ಗೆ ಮೈನಸ್ 80 ಕೊಟ್ಟೆ. ಇಲ್ಲಿ ಒಂದು ಯೂನಿಟ್ ಅಂದ್ರೆ ಒಂದು ಸೆಂಟಿಮೀಟರ್. ಕಾಂಡ ಪೂರ್ತಿ ಮಣ್ಣಲ್ಲಿ ಹೂತುಹೋಗಿ, ಕೊಂಬೆಗಳು ನೆಲದಿಂದಲೇ ಎದ್ದ ಹಾಗಾಯಿತು. ರ‍್ಯಾಂಡಮ್ ಪಿಚ್ ಆ್ಯಂಗಲ್ 20 ಮಾಡಿದೆ, ಒಂದೊಂದು ಗಿಡ ಒಂದೊಂದು ಕಡೆ ವಾಲಿತು. ನೆಲದ ಓರೆಗೆ ತಕ್ಕಂತೆ ವಾಲಿಸೋ ಅಲೈನ್ ಟು ನಾರ್ಮಲ್ ಅನ್ನು ಹುಲ್ಲಿಗೆ ಮಾತ್ರ ಇಟ್ಟುಕೊಂಡು ಗಿಡಕ್ಕೆ ತೆಗೆದುಬಿಟ್ಟೆ. ಅದು ಆನ್ ಇದ್ದರೆ ಇಳಿಜಾರಲ್ಲಿ ಗಿಡಗಳೆಲ್ಲ ಒಂದೇ ಕಡೆಗೆ ಬೀಳೋ ಥರ ಕಾಣುತ್ತವೆ. ಗುಡ್ಡ ಎಷ್ಟೇ ಓರೆ ಇರಲಿ, ಗಿಡ ಆಕಾಶ ನೋಡಿಕೊಂಡೇ ಬೆಳೆಯುತ್ತದೆ ಅಲ್ವಾ?

ಡೆನ್ಸಿಟಿ, ಅಂದ್ರೆ ಗಿಡಗಳ ದಟ್ಟಣೆ, ಜಾಸ್ತಿ ಇಟ್ಟು ಗುಡ್ಡದ ಮೇಲೆಲ್ಲ ಬ್ರಷ್ ಎಳೆಯೋದನ್ನೂ ಬಿಟ್ಟೆ. ಕುರಿಗಳು ಜಾಲಿಕಾಯಿ ತಿಂದು ಹೋದಲ್ಲೆಲ್ಲ ಹಿಕ್ಕೆ ಹಾಕುತ್ತವೆ, ಬೀಜ ಅಲ್ಲೇ ಮೊಳೆಯುತ್ತದೆ. ಅದಕ್ಕೆ ಮೊದಲು ಕುರಿ ಓಡಾಡೋ ದಾರಿ ಗುರುತು ಮಾಡಿಕೊಂಡು, ಅದರ ಅಂಚಲ್ಲಿ ಸಣ್ಣ ಬ್ರಷ್‌ನಿಂದ ಒಂದೊಂದೇ ಹಾಕುತ್ತೇನೆ. ಬಂಡೆಯ ಬುಡಕ್ಕೆ ಇನ್ನೂ ನಾಲ್ಕು ಜಾಸ್ತಿ, ಮಳೆನೀರು ಇಳಿದು ನಿಲ್ಲೋದು ಅಲ್ಲೇ. ಬಂಡೆಯ ನೆತ್ತಿಗೆ ಏನೂ ಇಲ್ಲ. ಸೀಳಿನಲ್ಲಿ ಮಾತ್ರ ಒಂದು ಕಳ್ಳಿ.

ಬೇಜಾರಿನ ವಿಷಯವೂ ಇದೆ. ಶಿಫ್ಟ್ ಹಿಡಿದು ಎಳೆದರೆ ಬ್ರಷ್ಷೇ ರಬ್ಬರ್ ಆಗುತ್ತದೆ. ಪಟ್ಟಿಯಲ್ಲಿ ಟಿಕ್ ಇರೋದೆಲ್ಲ ಮಾಯ. ಒಮ್ಮೆ ಹುಲ್ಲಿನ ಟಿಕ್ ತೆಗೆಯೋದು ಮರೆತು, ಒಂದು ವಾರದ ಹುಲ್ಲು ಅಳಿಸಿ ಸೇವ್ ಬೇರೆ ಮಾಡಿದ್ದೆ. ತಪ್ಪು ನನ್ನದೇ, ಆದರೂ ಆ ರಾತ್ರಿ ಮಿರ್ಚಿ ರುಚಿಸಲಿಲ್ಲ. ನನ್ನ ಹಾಗೆ ಹಳೇ ಲ್ಯಾಪ್‌ಟಾಪ್ ಇದ್ದವರು ಹುಲ್ಲಿನ ಕಲ್ ಡಿಸ್ಟೆನ್ಸ್ (ಎಷ್ಟು ದೂರದಾಚೆ ಕಾಣಿಸಬಾರದು ಅನ್ನೋದು) 5000 ಇಡಿ. 50 ಮೀಟರ್ ಆಚೆಯ ಹುಲ್ಲನ್ನು ಯಾರೂ ಎಣಿಸಲ್ಲ.

ಬ್ರಷ್‌ಗೆ ಐದಕ್ಕೆ ನಾಲ್ಕೂವರೆ. ಪ್ಯಾಕ್‌ಗೆ ಎರಡು, ಅದೂ ಅದರಲ್ಲಿರೋ ಒಣಹುಲ್ಲಿಗೋಸ್ಕರ. ಮೊನ್ನೆ ಅಪ್ಪ ಮತ್ತೆ ಬಂದು ಸ್ಕ್ರೀನ್ ನೋಡಿದರು. ಗಿಡದ ಬಗ್ಗೆ ಏನೂ ಅನ್ನಲಿಲ್ಲ. "ಕುರಿ ಎಲ್ಲಿ?" ಅಂದರು.